ಮೊದಲು ಬೆನ್ನು ನೋಡಿ, ಮುಖ ಆಮೇಲೆ

(ಬಾಗಲಕೋಟೆಯಲ್ಲಿ ಒಬ್ಬ ಕಲ್ಲು ಕೆತ್ತುವವರು ಆಡಿದ ಮಾತಿನ ಬರಹ ರೂಪ)

ಈ ಟೇಬಲ್ ಮೇಲೆ ಎರಡು ಗಣಪತಿ ಇಟ್ಟಿದ್ದೇನೆ. ಎರಡೂ ಒಂದು ಮೊಳ ಎತ್ತರ, ಎರಡಕ್ಕೂ ನಮ್ಮ ಕೆಂಪು ಮರಳುಗಲ್ಲಿನ ಬಣ್ಣ. ಹಿಂದೆ ಕೂತವರಿಗೆ ಒಂದೇ ತರ ಕಾಣುತ್ತವೆ. ಮುಂದಿನ ಸಾಲಿನವರಿಗೂ ಹಾಗೇ ಕಾಣುತ್ತಿರಬಹುದು. ಒಂದನ್ನು ನಾನು ಕೆತ್ತಿದ್ದೇನೆ, ಇಪ್ಪತ್ತು ದಿನದ ಕೆಲಸ. ಇನ್ನೊಂದು ಅಚ್ಚಿನಲ್ಲಿ ಹೊಯ್ದದ್ದು. ಕಲ್ಲಿನ ಪುಡಿಗೆ ರೆಸಿನ್ ಅಂಟು ಕಲಸಿ, ರಬ್ಬರ್ ಅಚ್ಚಿಗೆ ಸುರಿದು, ಒಣಗಿದ ಮೇಲೆ ಬಣ್ಣ ಹಚ್ಚಿದ್ದಾರೆ. ಒಂದು ದಿನದ ಕೆಲಸ. ಅದನ್ನು ನಾನು ಆನ್‌ಲೈನ್ ಲಿಲಾವಿನಲ್ಲಿ ಸವಾಲು ಹಾಕಿ ತೆಗೆದುಕೊಂಡೆ, ಇಂಥ ಮಾತಿಗೆ ಬೇಕಾಗುತ್ತದೆ ಅಂತಲೇ. ಅದರ ವಿವರಣೆಯಲ್ಲಿ "ಹಳೆಯ ದೇವಸ್ಥಾನದ ಕಲ್ಲು" ಅಂತ ಬರೆದಿದ್ದರು. ಮಾತು ಮುಗಿದ ಮೇಲೆ ಎರಡನ್ನೂ ಎತ್ತಿ, ಮುಟ್ಟಿ ನೋಡಿ. ಆದರೆ ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಎತ್ತುವ ಮುಟ್ಟುವ ಅವಕಾಶ ಇಲ್ಲ. ಅವರಿಗೆ ಸಿಗುವುದು ನಾಲ್ಕು ಫೋಟೊ, ಹತ್ತು ಸಾಲು ಬರಹ. ಅಷ್ಟರಲ್ಲೇ ಹೇಗೆ ಗುರುತು ಹಿಡಿಯುವುದು ಅಂತ ಇವತ್ತು ಹೇಳುತ್ತೇನೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಹಳೆಯದನ್ನು ನೋಡಿ ಹೊಸದು ಕೆತ್ತುವುದು ತಪ್ಪಲ್ಲ. ನಾನು ಕಲಿತದ್ದೇ ಹಾಗೆ. ನಮ್ಮಪ್ಪ ಐಹೊಳೆಗೆ ಕರೆದುಕೊಂಡು ಹೋಗಿ ದುರ್ಗದ ಗುಡಿಯ ಮೊಗಸಾಲೆಯಲ್ಲಿ ಕೂರಿಸಿ, ಒಂದು ಕಂಬದ ಗೊಂಬೆಯನ್ನು ಇಡೀ ದಿನ ಬರೆಸುತ್ತಿದ್ದರು. ಮರುದಿನ ಅದೇ ಕಂಬ. ನಕಲು ಮಾಡದೆ ಯಾವ ಶಿಲ್ಪಿಯೂ ಕೈ ಕುದುರಿಸಿಕೊಂಡಿಲ್ಲ. ಅಚ್ಚಿನ ಗಣಪತಿ ಮಾಡುವುದೂ ತಪ್ಪಲ್ಲ, ಅದನ್ನು ಅಚ್ಚಿನದು ಅಂತ ಹೇಳಿ ಮಾರಿದರೆ. ಸುಳ್ಳು ಇರುವುದು ಕಲ್ಲಿನಲ್ಲಿ ಅಲ್ಲ, ಅದರ ಪಕ್ಕ ಬರೆದ ಮಾತಿನಲ್ಲಿ. ಅದಕ್ಕೇ ನಾವು ಎರಡನ್ನೂ ಓದಬೇಕು, ಮಾತನ್ನೂ ಕಲ್ಲನ್ನೂ.

ಮಾತಿನಿಂದ ಶುರು ಮಾಡೋಣ. ಮೇಲೆ ದೊಡ್ಡ ಅಕ್ಷರದಲ್ಲಿ "ಚಾಲುಕ್ಯ ವಿಷ್ಣು, 7ನೇ ಶತಮಾನ" ಅಂತ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಚಾಲುಕ್ಯ ಸ್ಟೈಲ್" ಅಂತ ಇರುತ್ತದೆ. ಸ್ಟೈಲ್ ಅಂದರೆ ಆ ಕಾಲದ್ದಲ್ಲ, ಆ ಕಾಲದ ತರ ಇದೆ ಅಂತ ಅರ್ಥ. ಇದು ಸುಮ್ನೆ ಸೇರಿಸಿದ ಪದ ಅಲ್ಲ. ನಾಳೆ ನೀವು ಜಗಳಕ್ಕೆ ಹೋದರೆ ಮಾರಿದವರು ತೋರಿಸುವುದು ಅದೇ ಪದವನ್ನು. "ಆಂಟಿಕ್ ಫಿನಿಶ್" ಅಂದರೆ ಹಳೆಯದರಂತೆ ಕಾಣಲು ಮೇಲೆ ಏನೋ ಹಚ್ಚಿದೆ. "ವಿಂಟೇಜ್" ಅಂದರೆ ಇಪ್ಪತ್ತು ವರ್ಷದ್ದೂ ಆಗಬಹುದು. "ಎಂದು ನಂಬಲಾಗಿದೆ" ಅಂತ ಬರೆದಿದ್ದರೆ ಯಾರು ನಂಬಿದ್ದಾರೆ ಅಂತ ಕೇಳಿ. ಇನ್ನು ಯಾವುದರಿಂದ ಮಾಡಿದ್ದು ಅನ್ನುವ ಖಾನೆಯನ್ನು ಬಹಳ ಜನ ಓದುವುದೇ ಇಲ್ಲ. ಅಲ್ಲಿ "ಕಾಸ್ಟ್ ಸ್ಟೋನ್" ಅಥವಾ "ಸ್ಟೋನ್ ಕಾಂಪೋಸಿಟ್" ಅಂತ ಇದ್ದರೆ ಅದು ಎರಕದ್ದು, ಕೆತ್ತಿದ್ದಲ್ಲ. ಸ್ಟೋನ್ ಅನ್ನುವ ಪದ ಕಂಡ ಕೂಡಲೇ ಕಣ್ಣು ಮುಂದೆ ಹೋಗಿಬಿಡುತ್ತದೆ, ಅದರ ಹಿಂದೆ ಮುಂದೆ ಇರುವ ಪದ ಕಾಣುವುದಿಲ್ಲ.

ಶತಮಾನದ ವಿಷಯ ಬಂತು, ಸ್ವಲ್ಪ ನಿಲ್ಲುತ್ತೇನೆ. ಬಾದಾಮಿಯ ಮೂರನೇ ಗುಹೆ 578ರದ್ದು ಅಂತ ನಾವು ಖಚಿತವಾಗಿ ಹೇಗೆ ಹೇಳುತ್ತೇವೆ? ಅಲ್ಲಿ ಚಾಲುಕ್ಯ ರಾಜ ಮಂಗಳೇಶನ ಶಾಸನ ಇದೆ, ಶಕ ವರ್ಷ 500 ಅಂತ ಅದರಲ್ಲೇ ಬರೆದಿದೆ. ಅದಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಐಹೊಳೆಯ ಮೇಗುಟಿ ಬಸದಿ 634ರದ್ದು, ಅದನ್ನು ರವಿಕೀರ್ತಿಯ ಶಾಸನ ಹೇಳುತ್ತದೆ. ಇಷ್ಟು ದೊಡ್ಡ ಗುಡಿಗಳಿಗೇ ಇಸವಿ ಹೇಳಲು ಶಾಸನ ಬೇಕು. ಪಕ್ಕದ ಎಷ್ಟೋ ಗುಡಿಗಳ ಕಾಲದ ಬಗ್ಗೆ ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಹಾಗಿರುವಾಗ ಎಲ್ಲಿಂದ ಬಂತೋ ಗೊತ್ತಿಲ್ಲದ ಒಂದು ಬಿಡಿ ಮೂರ್ತಿಗೆ, ಯಾವ ಬರಹವೂ ಇಲ್ಲದ್ದಕ್ಕೆ, "7ನೇ ಶತಮಾನದ ಮಧ್ಯಭಾಗ" ಅಂತ ಇಷ್ಟು ಧೈರ್ಯವಾಗಿ ಬರೆಯುತ್ತಾರಲ್ಲ, ಅಲ್ಲೇ ಅನುಮಾನ ಬರಬೇಕು.

ಈಗ ಕಲ್ಲು. ಯಾವ ಸೀಮೆಯಲ್ಲಿ ಯಾವ ಕಲ್ಲು ಅನ್ನುವುದು ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಅಂದರೆ ಮಲಪ್ರಭೆಯ ದಂಡೆ, ಪೂರ್ತಿ ಮರಳುಗಲ್ಲು. ಇಳಕಲ್ಲಿಗೆ ಹೋದರೆ ಕೆಂಪು ಗ್ರಾನೈಟ್. ವಿಜಯಪುರಕ್ಕೆ ಹೋದರೆ ಕರಿಕಲ್ಲು, ಗೋಲಗುಮ್ಮಟದ ಗೋಡೆ ನೋಡಿದ್ದೀರಲ್ಲ, ಅದು. ಬಾದಾಮಿ ಚಾಲುಕ್ಯರು ಕೆತ್ತಿದ್ದು ಮುಖ್ಯವಾಗಿ ತಮ್ಮ ಕಾಲಬುಡದಲ್ಲಿದ್ದ ಮರಳುಗಲ್ಲನ್ನೇ. ನಾಲ್ಕು ನೂರು ವರ್ಷ ಆದ ಮೇಲೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿ, ಇಟಗಿ ಕಡೆ, ಬಳಪದ ಕಲ್ಲು ಬಂತು. ಹೊಯ್ಸಳರದ್ದೂ ಅದೇ. ಬಳಪದ ಕಲ್ಲು ಮೆತ್ತಗಿರುತ್ತದೆ, ಅದಕ್ಕೇ ಬೇಲೂರಿನಲ್ಲಿ ಅಷ್ಟು ಸಣ್ಣ ಮಣಿಸರ ಬಿಡಿಸಲು ಆಯಿತು. ವಿಜಯನಗರಕ್ಕೆ ಬಂದರೆ ಗ್ರಾನೈಟ್. ಗ್ರಾನೈಟಿನಲ್ಲಿ ಆ ನಾಜೂಕು ಬರುವುದಿಲ್ಲ, ಅದರ ಚೆಂದವೇ ಬೇರೆ. ಈಗ ಯಾರಾದರೂ "ಹೊಯ್ಸಳ, ಮರಳುಗಲ್ಲು" ಅಂತ ಹಾಕಿದರೆ, ಅಥವಾ "ಬಾದಾಮಿ ಚಾಲುಕ್ಯ" ಅಂತ ಹೇಳಿ ಎಣ್ಣೆ ಹಚ್ಚಿದಂತೆ ಮಿಂಚುವ ಕರಿ ಬಳಪದ ಕಲ್ಲಿನ ಮೂರ್ತಿ ತೋರಿಸಿದರೆ, ಹೆಸರೂ ಕಲ್ಲೂ ಒಂದಕ್ಕೊಂದು ಕೂಡುವುದಿಲ್ಲ.

ರೂಪವೂ ಹಾಗೇ. ಕಳೆದ ವರ್ಷ ಒಂದು ನಟರಾಜ ನೋಡಿದೆ, "ಬಾದಾಮಿ ಚಾಲುಕ್ಯ" ಅಂತ ಹೆಸರು. ನಾಲ್ಕು ಕೈ, ಸುತ್ತ ಬೆಂಕಿಯ ಬಳೆ, ಕಾಲ ಕೆಳಗೆ ಅಪಸ್ಮಾರ ಅನ್ನುವ ಕುಳ್ಳ ರಾಕ್ಷಸ. ಇದು ಯಾವ ನಟರಾಜ? ತಮಿಳುನಾಡಿನ ಚೋಳರ ಕಂಚಿನ ನಟರಾಜ! ನಮ್ಮ ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ 18 ಕೈ. ಸುತ್ತ ಬೆಂಕಿಯ ಬಳೆ ಇಲ್ಲ, ಕಾಲ ಕೆಳಗೆ ಅಪಸ್ಮಾರ ಇಲ್ಲ. ಹಿಂದೆ ನಂದಿ ನಿಂತಿದ್ದಾನೆ, ಪಕ್ಕದಲ್ಲಿ ಗಣಪತಿ. ನೀವೆಲ್ಲ ಶಾಲೆಯ ಟ್ರಿಪ್ಪಿನಲ್ಲಿ ಅದರ ಎದುರು ನಿಂತು ಫೋಟೊ ತೆಗೆಸಿಕೊಂಡವರು. ದೂರದಲ್ಲಿ ಕೂತು ಕೊಳ್ಳುವವನಿಗೆ ಇದು ಗೊತ್ತಿಲ್ಲ, ಮಾರುವವನೂ ಅದನ್ನೇ ನಂಬಿಕೊಂಡಿದ್ದಾನೆ.

ವೀರಗಲ್ಲಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈಗ ಅದಕ್ಕೆ ಬೇಡಿಕೆ ಜಾಸ್ತಿ ಆಗಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ವೀರ ಲಿಂಗದ ಮುಂದೆ ಕೂತಿರುವುದು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ ಇರಬಹುದು. ನಾನು ನೋಡಿದ ಒಂದು ನಕಲಿಯಲ್ಲಿ ಕಾಳಗವನ್ನು ಮೇಲೆ ಹಾಕಿದ್ದರು, ಲಿಂಗ ಕೆಳಗೆ. ಕೆತ್ತಿದವನಿಗೆ ಕತೆ ಗೊತ್ತಿರಲಿಲ್ಲ, ಫೋಟೊ ನೋಡಿ ಚೆಂದಕ್ಕೆ ಜೋಡಿಸಿದ್ದ. ಬರಹವಂತೂ ಇನ್ನೂ ಸ್ಪಷ್ಟ. "ಧರ್ಮ" ಅಂತ ಇತ್ತು. ನಾವು ಇವತ್ತು ಬರೆಯುವ ಹಾಗೇ, ಅರ್ಕಾವತ್ತು ಅಕ್ಷರದ ಬಲಕ್ಕೆ. ಹಳೆಯ ಶಾಸನಗಳಲ್ಲಿ ಆ ರಕಾರ ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಅದರ ಜೊತೆಗೆ ಮುಂದಿನ ವ್ಯಂಜನ ಸಾಮಾನ್ಯವಾಗಿ ಇಮ್ಮಡಿ ಆಗುತ್ತದೆ, "ಧರ್ಮ್ಮ" ಅಂತ. ಪದ ಪದಕ್ಕೆ ನಡುವೆ ಜಾಗ ಬಿಡುವ ರೂಢಿಯೂ ಆಗ ಇರಲಿಲ್ಲ. ಆ ನಕಲಿಯಲ್ಲಿ ಪದಗಳ ನಡುವೆ ಒಂದೊಂದು ಬೆರಳು ಜಾಗ ಬಿಟ್ಟಿದ್ದರು, ಪಠ್ಯಪುಸ್ತಕದಲ್ಲಿ ಬಿಟ್ಟಂತೆ. ಕನ್ನಡ ಓದಲು ಬರುವ ನಿಮಗೆ ಇದನ್ನು ಗುರುತಿಸಲು ಯಾವ ಯಂತ್ರವೂ ಬೇಕಿಲ್ಲ.

ಇನ್ನು ತೂಕ. ನನ್ನ ಅನುಭವದಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಯಾರೂ ಮಾಡುವುದಿಲ್ಲ ಅಷ್ಟೇ. ವಿವರಣೆಯಲ್ಲಿ ಅಳತೆ ಕೊಟ್ಟಿರುತ್ತಾರೆ, ತೂಕವನ್ನೂ ಕೊಟ್ಟಿರುತ್ತಾರೆ, ಕೊರಿಯರ್‌ಗೆ ಬೇಕಲ್ಲ. ಒಂದು ಮೂರ್ತಿ 60 ಸೆಂ.ಮೀ. ಎತ್ತರ, 30 ಅಗಲ, 15 ದಪ್ಪ ಅಂತಿಟ್ಟುಕೊಳ್ಳಿ. ಗುಣಿಸಿದರೆ 27,000, ಅಂದರೆ 27 ಲೀಟರ್ ಜಾಗ. ಅದರಲ್ಲಿ ಅರ್ಧ ಕಲ್ಲು ಕೆತ್ತಿ ಹೋಗಿದೆ ಅನ್ನೋಣ, ಸಡಿಲವಾಗಿಯೇ ಹಿಡಿಯೋಣ. 13 ಲೀಟರ್ ಮೇಲೆ ಉಳಿಯಿತು. ಮರಳುಗಲ್ಲು ನೀರಿಗಿಂತ ಸುಮಾರು ಎರಡೂಕಾಲು ಪಟ್ಟು ಭಾರ. ಹಾಗಾದರೆ 30 ಕಿಲೊ ಹತ್ತಿರ ತೂಗಬೇಕು. ಗ್ರಾನೈಟ್, ಬಳಪದ ಕಲ್ಲು, ಕರಿಕಲ್ಲು ಆದರೆ ಇನ್ನೂ ಜಾಸ್ತಿ. ನಾನು ನೋಡಿದ ಒಂದು ಲಾಟಿನಲ್ಲಿ, ಅಂದರೆ ಲಿಲಾವಿಗೆ ಇಟ್ಟ ಇಂಥ ಒಂದು ಮೂರ್ತಿಯ ವಿವರಣೆಯಲ್ಲಿ, ಬರೆದದ್ದು 8 ಕಿಲೊ! ನೀರಿಗಿಂತ ಹಗುರ ಆಯಿತು. ಒಳಗೆ ಟೊಳ್ಳು, ಹೊರಗೆ ಒಂದು ಬೆರಳು ದಪ್ಪ ರೆಸಿನ್. ಸುಳ್ಳು ಬರೆದವನೇ ತನ್ನ ಕೈಯಾರೆ ನಿಜವನ್ನೂ ಬರೆದಿಟ್ಟಿದ್ದ, ಕೆಳಗಿನ ಸಾಲಿನಲ್ಲಿ.

ನೆನಪಿಡಿ, ತೂಕ ಸರಿ ಇದ್ದರೆ ಕಲ್ಲು ಹೌದು ಅಂತ ಆಗಬಹುದು, ಹಳೆಯದು ಅಂತ ಆಗುವುದಿಲ್ಲ. ಸಿಮೆಂಟ್ ಎರಕವೂ ಮರಳುಗಲ್ಲಿನಷ್ಟೇ ತೂಗುತ್ತದೆ. ಅದಕ್ಕೆ ಮುಂದಿನ ಹೆಜ್ಜೆ.

ನಮ್ಮಪ್ಪನ ಬಳಿ ಯಾರಾದರೂ ಮೂರ್ತಿ ತೋರಿಸಲು ತಂದರೆ, ಅವರು ತಿರುಗಿಸಿ ಹಿಂಭಾಗ ನೋಡುತ್ತಿದ್ದರು. ನನಗೆ ಹೇಳುತ್ತಿದ್ದರು, "ಮೊದಲ ಬೆನ್ನ ನೋಡೋ ತಮ್ಮಾ, ಮಾರಿ ಆಮ್ಯಾಲ ನೋಡುವಂತಿ." ಮಾರಿ ಅಂದರೆ ಮುಖ, ಅದನ್ನು ಎಲ್ಲರೂ ಚೆಂದ ಮಾಡುತ್ತಾರೆ. ಗುಡಿಯ ಗೂಡಿನಲ್ಲಿ ನಿಲ್ಲಿಸಲು ಮಾಡಿದ ಮೂರ್ತಿಯ ಬೆನ್ನು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಅದನ್ನು ಚೂಪು ಉಳಿಯಿಂದ ಒರಟಾಗಿ ಸಮ ಮಾಡಿ ಬಿಟ್ಟಿರುತ್ತಾರೆ. ಉಳಿಯ ಒಂದೊಂದು ಪೆಟ್ಟೂ ಬೇರೆ ಬೇರೆ. ಒಂದು ಆಳ, ಒಂದು ತೇಲು, ಕೆತ್ತುವವನು ಕುಳಿತ ಕಡೆಯಿಂದ ಓರೆ. ಕೆಳಗೆ ಪೀಠದ ಕುಳಿಗೆ ಸಿಕ್ಕಿಸಲು ಒಂದು ಗೂಟ ಬಿಟ್ಟಿರುತ್ತಾರೆ. ಈಗ ಲಿಲಾವಿನ ಫೋಟೊಗಳನ್ನು ನೋಡಿ. ಮುಖ, ಮುಖ, ಮುಖದ ಎಡಭಾಗ, ಮತ್ತೆ ಮುಖ. ಬೆನ್ನಿನ ಒಂದು ಫೋಟೊ ಇಲ್ಲ, ತಳದ ಫೋಟೊ ಇಲ್ಲ. ಕೇಳಿ, ಕಳಿಸಿ ಅನ್ನಿ. ಕಳಿಸಿದರೆ ನೋಡಿ, ಕಳಿಸದೆ ಬೇರೆ ಮಾತಾಡಿದರೆ ಅದನ್ನೇ ಉತ್ತರ ಅಂತ ತಿಳಿದುಕೊಳ್ಳಿ.

ಬೆನ್ನಿನ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಇದ್ದರೆ ಅದು ಗ್ರೈಂಡರ್ ಚಕ್ರದ ಗೆರೆ. ಇಲ್ಲಿ ಹಿಂದೆ ಕೂತ ನಮ್ಮ ಕಲ್ಲು ಕೆಲಸದ ಹುಡುಗರಿಗೆ ಇದು ಚೆನ್ನಾಗಿ ಗೊತ್ತು, ದಿನಾ ಅದನ್ನೇ ಹಿಡಿಯುತ್ತಾರೆ. ಇನ್ನೊಂದು ಜಾಗ ಹೇಳುತ್ತೇನೆ, ತೋಳು ಮತ್ತು ಪಕ್ಕೆಯ ನಡುವಿನ ಸಂದು. ಚಕ್ರ ದುಂಡಗಿರುತ್ತದೆ, ಮೂಲೆಗೆ ಹೋಗಿ ಸರಿಯಾಗಿ ನಿಲ್ಲಲು ಅದಕ್ಕೆ ಆಗುವುದಿಲ್ಲ, ಮೂಲೆಯನ್ನು ದಾಟಿ ಒಂದು ನೂಲಿನಷ್ಟು ಮುಂದೆ ಹೋಗಿಬಿಡುತ್ತದೆ. ಕಂಕುಳಲ್ಲಿ, ಗಲ್ಲದ ಕೆಳಗೆ, ಕಿವಿಯ ಹಿಂದೆ ಅಂಥ ಚಾಚಿದ ಗೀರು ಸಿಗುತ್ತದೆ. ಉಳಿ ಹಿಡಿದ ಕೈ ಮೂಲೆಯಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಯಂತ್ರದಲ್ಲಿ ಕೊರೆದದ್ದಾದರೆ ಬಿತ್ತನೆಯ ಸಾಲಿನಂತೆ ಸಣ್ಣ ಸಣ್ಣ ಸಮಾನ ಗೆರೆಗಳು ಇರುತ್ತವೆ, ಎಷ್ಟೇ ಉಜ್ಜಿದರೂ ಆಳದಲ್ಲಿ ಉಳಿಯುತ್ತವೆ. ಎರಕದ್ದಾದರೆ ಬದಿಯಲ್ಲಿ ಅಚ್ಚಿನ ಕೂಡುಗೆರೆ, ಸಂದಿನಲ್ಲಿ ಸೂಜಿ ಚುಚ್ಚಿದಂಥ ಗಾಳಿಗುಳ್ಳೆ. ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, ಕಾಣುತ್ತದೆ.

ಇಲ್ಲಿ ಒಂದು ಅಡ್ಡ ಮಾತು, ಹುಡುಗರಿಗೆ. ಗ್ರೈಂಡರ್ ಹಿಡಿಯಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಹಿಡಿಯುತ್ತೇನೆ. ಆದರೆ ಮರಳುಗಲ್ಲನ್ನು ಒಣಗಿದ್ದಂತೆ ಕೊಯ್ಯಬೇಡಿ. ನೀರು ಬಿಡಿ, ಸರಿಯಾದ ಮಾಸ್ಕ್ ಹಾಕಿ. ಬರೀ ಟವೆಲ್ ಸುತ್ತಿಕೊಂಡರೆ ಆ ಪುಡಿ ನಿಲ್ಲುವುದಿಲ್ಲ. ಎದೆಯೊಳಗೆ ಹೋದದ್ದು ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಅನ್ನುತ್ತಾರೆ, ಅದು ವಾಸಿ ಆಗುವ ರೋಗ ಅಲ್ಲ. ನನ್ನ ಜೊತೆ ಕಲಿತ ಇಬ್ಬರನ್ನು ನಾನು ಹಾಗೆ ಕಳೆದುಕೊಂಡಿದ್ದೇನೆ.

ಇನ್ನು ಸವೆತದ ವಿಷಯಕ್ಕೆ ಬರುತ್ತೇನೆ. ಕೊಳ್ಳುವವರು ಜಾಸ್ತಿ ಮೋಸ ಹೋಗುವುದು ಇಲ್ಲೇ. ಮುರಿದಿದೆ, ಮಾಸಿದೆ, ಮಣ್ಣು ಹತ್ತಿದೆ, ಹಾಗಾಗಿ ಹಳೆಯದು ಅಂತ. ಹಳೆಯದು ಮಾಡುವುದು ಒಂದು ವಾರದ ಕೆಲಸ ಅಷ್ಟೇ. ಆಸಿಡ್‌ನಲ್ಲಿ ತೊಳೆಯುತ್ತಾರೆ, ಸೆಗಣಿ ಮಣ್ಣಿನಲ್ಲಿ ಹೂಳುತ್ತಾರೆ, ಚಹಾ ಕುದಿಸಿದ ನೀರು ಹಚ್ಚುತ್ತಾರೆ, ಬೂಟ್ ಪಾಲಿಶ್ ತಿಕ್ಕುತ್ತಾರೆ, ಹೊಗೆ ಹಿಡಿಸುತ್ತಾರೆ. ಆದರೆ ಬಿಸಿಲು, ಮಳೆ, ಭಕ್ತರ ಕೈ ಇವು ಎಲ್ಲಾ ಕಡೆ ಒಂದೇ ಸಮ ಮುಟ್ಟುವುದಿಲ್ಲ. ಮಳೆ ತಲೆ, ಹೆಗಲು, ಮೂಗಿನ ಮೇಲೆ ಬೀಳುತ್ತದೆ. ಗಲ್ಲದ ಕೆಳಗೆ, ಹೊಟ್ಟೆಯ ಅಡಿಯಲ್ಲಿ ಬೀಳುವುದಿಲ್ಲ, ಅಲ್ಲಿ ಉಳಿಯ ಗೆರೆ ಇವತ್ತಿಗೂ ಚೂಪಾಗಿ ಇರುತ್ತದೆ. ಜನ ಮುಟ್ಟುವುದು ಪಾದ, ಮೊಣಕಾಲು. ಅಲ್ಲಿ ನುಣುಪು ಬಂದಿರುತ್ತದೆ, ಪಕ್ಕದಲ್ಲೇ ಒರಟು ಇರುತ್ತದೆ. ಆಸಿಡ್ ಹಾಗಲ್ಲ, ಅದು ಕಂಕುಳನ್ನೂ ಬಿಡುವುದಿಲ್ಲ. ಎಲ್ಲಾ ಕಡೆ ಒಂದೇ ತರದ ಮೆತ್ತನೆಯ ಸವೆತ ಕಂಡರೆ ಅದು ಮಳೆಯ ಕೆಲಸ ಅಲ್ಲ.

ಮುರಿದ ಜಾಗ ಹತ್ತಿರದಿಂದ ತೋರಿಸಿ ಅನ್ನಿ. ನಮ್ಮ ಮರಳುಗಲ್ಲು ಹೊಸದಾಗಿ ಒಡೆದಾಗ ಸಕ್ಕರೆಯಂತೆ ಹೊಳೆಯುತ್ತದೆ, ಅಂಚು ಚೂಪಾಗಿರುತ್ತದೆ. ನೂರಾರು ವರ್ಷದ ಹಿಂದೆ ಒಡೆದದ್ದರ ಅಂಚು ದುಂಡಗೆ ಆಗಿರುತ್ತದೆ, ಬಣ್ಣ ಸುತ್ತಲಿನ ಮೈ ಬಣ್ಣಕ್ಕೆ ಕೂಡಿರುತ್ತದೆ. ಎಲ್ಲಿ ಮುರಿದಿದೆ ಅನ್ನುವುದನ್ನೂ ನೋಡಿ. ಕಲ್ಲು ತನ್ನ ಪದರ ಹಿಡಿದು ಒಡೆಯುತ್ತದೆ, ತೆಳ್ಳಗೆ ಚಾಚಿದ ಕಡೆ ಒಡೆಯುತ್ತದೆ. ಮುಖಕ್ಕೆ ಒಂದು ಗೀರೂ ಇಲ್ಲದೆ, ಎರಡೂ ಮೊಣಕೈ ಮಾತ್ರ ಸಮಾನವಾಗಿ ಮುರಿದಿದ್ದರೆ ಯಾರೋ ಯೋಚನೆ ಮಾಡಿ ಮುರಿದಿದ್ದಾರೆ. ಇನ್ನು ಕಲ್ಲುಹೂ. ಮಸಾಲೆಗೆ ಹಾಕುತ್ತೇವಲ್ಲ, ಅದೇ ಜಾತಿಯದು ಬಂಡೆಯ ಮೇಲೆ ಬೂದು, ಹಳದಿ ಚುಕ್ಕೆಯಾಗಿ ಬೆಳೆಯುತ್ತದೆ. ನಿಜವಾದದ್ದು ಕಾಳಿನೊಳಗೆ ಬೇರಿಳಿಸಿದಂತೆ ಕಚ್ಚಿಕೊಂಡಿರುತ್ತದೆ. ಬಣ್ಣದ್ದು ಒದ್ದೆ ಹತ್ತಿಗೆ ಬಂದುಬಿಡುತ್ತದೆ.

ದೂರದಿಂದ ಇಷ್ಟೆಲ್ಲಾ ಹೇಗೆ ನೋಡುವುದು? ಒಂದು ವಿಡಿಯೊ ಕೇಳಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೂರ್ತಿಯ ಬದಿಗೆ ಹಿಡಿದು ನಿಧಾನ ಸರಿಸಿದರೆ ಮೈ ಮೇಲಿನ ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ತಟ್ಟಲು ಹೇಳಿ. ಶಿಲ್ಪಶಾಸ್ತ್ರದಲ್ಲಿ ಗಂಡುಗಲ್ಲು, ಹೆಣ್ಣುಗಲ್ಲು ಅಂತ ವಿಂಗಡಿಸಿದ್ದೇ ಸದ್ದಿನ ಮೇಲೆ. ಗಟ್ಟಿ ಕಲ್ಲು ಗಂಟೆಯಂತೆ ಅನ್ನುತ್ತದೆ. ರೆಸಿನ್ ಡಬ್ಬ ಬಡಿದಂತೆ ಅನ್ನುತ್ತದೆ, ಫೋನಿನಲ್ಲೂ ಗೊತ್ತಾಗುತ್ತದೆ. ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡುವುದನ್ನು ಮರೆಯಬೇಡಿ. ಒಂದೇ ಮೂಗು, ಒಂದೇ ಜಾಗದಲ್ಲಿ ಮುರಿದ ಅದೇ ಕೈ, ಮೂರು ಕಡೆ ಮಾರಾಟಕ್ಕೆ ಇದ್ದರೆ ಅದು ಒಂದು ಅಚ್ಚಿನ ಮಕ್ಕಳು.

ಈಗ ಕಾನೂನು. ಇದನ್ನು ಕೇಳಿದ ಮೇಲೆ ಅರ್ಧ ಲಾಟುಗಳ ವಿವರಣೆ ತಾನಾಗಿಯೇ ಬಿದ್ದುಹೋಗುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಅದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಕಳಿಸಿದರೆ ಜೈಲು. ಈಗ ಒಬ್ಬ ಮಾರಾಟಗಾರ ಭಾರತದಲ್ಲಿ ಕೂತು "800 ವರ್ಷ ಹಳೆಯದು, ಜಗತ್ತಿನ ಯಾವ ಮೂಲೆಗಾದರೂ ಕಳಿಸುತ್ತೇವೆ" ಅಂತ ಬರೆದಿದ್ದಾನೆ. 800 ವರ್ಷ ಅನ್ನುವುದು ಸುಳ್ಳಾದರೆ ಅದು ಮೋಸ. ನಿಜವಾದರೆ ಅದು ಕಳ್ಳಸಾಗಣೆ. ಮೂರನೆಯದಕ್ಕೆ ಜಾಗವೇ ಇಲ್ಲ. ನೋಂದಣಿ ಕಾಗದ ತೋರಿಸಿ ಅಂತ ಕೇಳಿ ನೋಡಿ, ಅಲ್ಲಿಯವರೆಗೆ ಚಾಲುಕ್ಯರದ್ದಾಗಿದ್ದು ಒಮ್ಮೆಲೇ "ಅಲಂಕಾರದ ವಸ್ತು" ಆಗುತ್ತದೆ.

"ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿತ್ತು" ಅನ್ನುವ ಪತ್ರವನ್ನೂ ಸುಮ್ನೆ ನಂಬಬೇಡಿ. ದೊಡ್ಡ ದೊಡ್ಡ ಮ್ಯೂಸಿಯಂಗಳೇ ಅಂಥ ಕಾಗದ ನಂಬಿ ಕೆಟ್ಟಿವೆ. ತಮಿಳುನಾಡಿನ ವೃದ್ಧಾಚಲಂ ಗುಡಿಯ ಅರ್ಧನಾರೀಶ್ವರ ಕಲ್ಲಿನ ಮೂರ್ತಿಯನ್ನು ಆಸ್ಟ್ರೇಲಿಯಾದ ಒಂದು ಸರ್ಕಾರಿ ಗ್ಯಾಲರಿ ಕೊಂಡಿತ್ತು. ಅದು ಬಹಳ ಹಿಂದೆಯೇ ಕಾನೂನುಬದ್ಧವಾಗಿ ಮಾರಾಟವಾಗಿದೆ ಅಂತ ಹಳೆಯ ರಸೀದಿ ಇತ್ತು. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ತೆಗೆದಿಟ್ಟ ಫೋಟೊದಲ್ಲಿ, ರಸೀದಿಯ ತಾರೀಖು ದಾಟಿದ ಮೇಲೂ, ಅದೇ ಮೂರ್ತಿ ಗುಡಿಯ ಗೂಡಿನಲ್ಲೇ ನಿಂತಿತ್ತು. 2014ರಲ್ಲಿ ಅದು ವಾಪಸ್ ಬಂತು. ಒಂದು ಫೋಟೊ ಇದ್ದದ್ದರಿಂದ ಬಂತು. ನಿಮ್ಮ ಊರಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಬಿದ್ದಿರುವ ವೀರಗಲ್ಲು, ನಾಗರಕಲ್ಲು, ಮಾಸ್ತಿಗಲ್ಲುಗಳ ಫೋಟೊ ಇವತ್ತೇ ತೆಗೆದಿಡಿ. ಪಕ್ಕ ಒಂದು ಸ್ಕೇಲ್ ಇಟ್ಟು, ನಾಲ್ಕೂ ಕಡೆಯಿಂದ. ಯಾಕೆಂದರೆ ಮುಂಭಾಗ ನಿಜವಾಗಿಯೂ ಹಳೆಯದಿದ್ದು, ತಳ ಮಾತ್ರ ಹೊಸದಾಗಿ ಕಟ್ಟರ್‌ನಿಂದ ಕೊಯ್ದ ಮೂರ್ತಿಗಳೂ ಲಿಲಾವಿಗೆ ಬರುತ್ತವೆ. ಅದು ನಕಲಿ ಅಲ್ಲ, ಯಾವುದೋ ಗುಡಿಯಿಂದ ಕಿತ್ತದ್ದು. ಅಂಥದ್ದು ಕಂಡರೆ ಸವಾಲು ಹಾಕಬೇಡಿ, ಲಾಟಿನ ಚಿತ್ರ ಉಳಿಸಿಕೊಂಡು ಪೊಲೀಸರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ.

ಕೊನೆಗೆ ನನ್ನ ಸ್ವಂತ ಸಂಗತಿ ಒಂದು ಹೇಳಿಬಿಡುತ್ತೇನೆ. ಈ ವಿಷಯ ಯಾಕೆ ಹಿಡಿದೆ ಅಂತ ಗೊತ್ತಾಗಲಿ.

ಕೆಲವು ವರ್ಷಗಳ ಹಿಂದೆ ನಾನು ಒಂದು ಚಾಮರಧಾರಿಣಿ ಕೆತ್ತಿದೆ. ಎರಡು ಅಡಿ ಎತ್ತರ. ಆ ಕಲ್ಲಿನಲ್ಲಿ ಎಡ ಸೊಂಟದಿಂದ ತೊಡೆಗೆ ಓರೆಯಾಗಿ ಒಂದು ಕಂದು ಗೆರೆ ಹೋಗಿತ್ತು, ಕಬ್ಬಿಣದ ಅಂಶ ಇರುವ ಗೆರೆ. ಅದು ಸುತ್ತಲಿನ ಕಲ್ಲಿಗಿಂತ ಗಟ್ಟಿ, ಉಳಿ ಜಾರುತ್ತದೆ. ಅದನ್ನು ತೆಗೆಯಲು ಹೋದರೆ ತೊಡೆಯೇ ಹೋಗುತ್ತದೆ. ಎರಡು ದಿನ ಅದರ ಮುಂದೆ ಸುಮ್ನೆ ಕೂತೆ. ಆಮೇಲೆ ಸೀರೆಯ ಅಂಚನ್ನೇ ಆ ಗೆರೆಯ ಮೇಲೆ ಹಾಯಿಸಿದೆ. ಕಲ್ಲೇ ಅಂಚಿನ ಬಣ್ಣ ಕೊಟ್ಟಿತು. ಇಳಕಲ್ ಸೀರೆಯ ಅಂಚಿದ್ದಂತೆ ಕಂಡಿತು, ನನ್ನ ಹೆಂಡತಿ ಅದನ್ನು ನೋಡಿ ಬಹಳ ಸಂತೋಷಪಟ್ಟಳು. ಚಾಮರ ಹಿಡಿದ ಮಣಿಕಟ್ಟಿಗೆ ಹನ್ನೊಂದು ದಿನ ಹಿಡಿಯಿತು. ಒಬ್ಬ ವ್ಯಾಪಾರಿ ಬಂದು ತೋಟದಲ್ಲಿ ಇಡಲು ಅಂತ 22,000 ರೂಪಾಯಿಗೆ ಒಯ್ದ. ರೊಕ್ಕ ಸರಿಯಾಗಿ ಕೊಟ್ಟ, ಆ ಬಗ್ಗೆ ನನ್ನ ತಕರಾರಿಲ್ಲ.

ನಾಲ್ಕು ವರ್ಷ ಆದ ಮೇಲೆ ನನ್ನ ತಮ್ಮನ ಮಗ ಫೋನ್ ತಂದು ತೋರಿಸಿದ. "ಕಾಕಾ, ಇದು ನಿಮ್ಮ ಕೆಲಸ ಅಲ್ಲೇನ್ರಿ?" ಅಂದ. ಅವಳೇ. ಮೈ ತುಂಬ ಕಂದು ಬಳಿದಿದ್ದರು, ಮೂಗಿನ ತುದಿ ತಿಕ್ಕಿದ್ದರು. ಚಾಮರ ಹಿಡಿದ ಕೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಆ ಮಣಿಕಟ್ಟು ಇರಲಿಲ್ಲ. ಕೆಳಗೆ "ದಖನ್, 11ನೇ ಶತಮಾನ" ಅಂತ ಬರಹ, ಸವಾಲು ಆಗಲೇ ನಾಲ್ಕು ಲಕ್ಷ ದಾಟಿತ್ತು. ಬಳಿದ ಬಣ್ಣದ ಅಡಿಯಿಂದಲೂ ಆ ಅಂಚಿನ ಗೆರೆ ಕಾಣುತ್ತಿತ್ತು. ಒಂದು ಕಲ್ಲಿನಲ್ಲಿ ಇರುವ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ, ಹಸ್ತರೇಖೆ ಇದ್ದ ಹಾಗೆ. ಕೆತ್ತುವಾಗ ತೆಗೆದ ಫೋಟೊಗಳು ನನ್ನ ಬಳಿ ಇದ್ದವು, ಕಳಿಸಿದೆ. ಎರಡು ದಿನದಲ್ಲಿ ಆ ಲಾಟ್ ತೆಗೆದರು. ನನಗೆ ಉತ್ತರ ಬರಲಿಲ್ಲ. ಐದು ತಿಂಗಳ ನಂತರ ಬೇರೆ ಕಡೆ ಮತ್ತೆ ಬಂತು, ಈ ಸಲ "11ನೇ ಶತಮಾನದ ಸ್ಟೈಲ್" ಅಂತ.

ನನಗೆ ಸಂಕಟ ಆದದ್ದು ನಾಲ್ಕು ಲಕ್ಷಕ್ಕಲ್ಲ. ಆ ಕೆಲಸ ಚಲೋ ಆಗಿತ್ತು, ಆದ್ದರಿಂದಲೇ ಅದನ್ನು ಮಾಡಿದವನು ಬದುಕಿಲ್ಲ ಅಂತ ಹೇಳಬೇಕಾಯಿತು ಅವರಿಗೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಅದನ್ನು ಕಟ್ಟಿದ ಗುಂಡನ ಹೆಸರು ಇದೆ, ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಆದರೂ ಕೆಲಸದವರ ಹೆಸರು ಕಲ್ಲಿನ ಮೇಲೆ ಉಳಿಯಿತು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟು ಮೂರ್ತಿಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ ನೋಡಿ. ಇವತ್ತು ಕೆತ್ತುವವರ ಹೆಸರನ್ನು ಉಜ್ಜಿ ತೆಗೆದು, ಆ ಜಾಗಕ್ಕೆ ಒಂದು ಶತಮಾನ ಬರೆಯುತ್ತಾರೆ.

ಆಗಿನಿಂದ ನಾನು ಹೆಸರನ್ನು ತಳದಲ್ಲಿ ಹಾಕುವುದು ಬಿಟ್ಟಿದ್ದೇನೆ, ತಳವನ್ನು ಐದು ನಿಮಿಷದಲ್ಲಿ ಕೊಯ್ದುಬಿಡುತ್ತಾರೆ. ಕಾಲಗೆಜ್ಜೆಯ ಒಳಬದಿಯಲ್ಲಿ, ಪಾದ ಮತ್ತು ಪಾದದ ನಡುವೆ, ಹೆಸರು, ಊರು, ಇಸವಿ ಕೊರೆಯುತ್ತೇನೆ. ಅದನ್ನು ತೆಗೆಯಬೇಕೆಂದರೆ ಕಾಲೇ ಹೋಗುತ್ತದೆ. ಗಣಪತಿಯಾದರೆ ಹೊಟ್ಟೆಗೆ ಕಟ್ಟಿದ ಹಾವಿನ ಮೇಲೆ, ಬೆನ್ನ ಕಡೆಗೆ ಹಾಕುತ್ತೇನೆ. ಈ ಎರಡರಲ್ಲಿ ಒಂದಕ್ಕೆ ಹಾಗೆ ಹಾಕಿದ್ದೇನೆ. ಬನ್ನಿ, ಒಬ್ಬೊಬ್ಬರಾಗಿ ಟೇಬಲ್ ಹತ್ತಿರ ಬನ್ನಿ, ಟಾರ್ಚ್ ಅಲ್ಲೇ ಇದೆ. ಎತ್ತುವಾಗ ಎರಡೂ ಕೈ ಹಚ್ಚಿ, ಒಂದು ಭಾರ ಇದೆ. ತಿರುಗಿಸಿ ಬೆನ್ನಿನಿಂದ ಶುರು ಮಾಡಿ.